ಬೀರುವಿನೊಳಗಿನ ಹಸಿರು ಬೆಂಕಿ

"ಅದು ಪರೀಕ್ಷಾಕ್ಕ ಬರಂಗಿಲ್ಲ. ಕೂತ್ಕೋ."

ಸ್ವಪ್ನಾ ಹಾಗೆಂದದ್ದೇ ತಡ, ಕಿಟಕಿಯಾಚೆ ಚಟಚಟಿಸುತ್ತಿದ್ದ ವೆಲ್ಡಿಂಗಿನ ಬೆಳಕು ಆರಿತು. ಸರಳುಗಳ ನಡುವೆ ಒಂದು ಮುಖ ಕಾಣಿಸಿತು. ಕಪ್ಪು ಕನ್ನಡಕ ಹಣೆಯ ಮೇಲೆ, ಕಣ್ಣಲ್ಲಿ ಕೆಂಡ.

"ಕೇಳಿದ್ದು ತಪ್ಪಾ ಮೇಡಂ?"

ಇಡೀ ಒಂಬತ್ತನೇ ತರಗತಿ ಕಿಟಕಿಯತ್ತ ತಿರುಗಿತು. ಕೇಳಿದವಳು ಶಶಿಕಲಾ, ಮುಂದಿನ ಬೆಂಚಿನ ಹುಡುಗಿ. ಪರಮಾಣುವಿನ ಒಳಗೆ ಬಹುಪಾಲು ಖಾಲಿ, ಎಲ್ಲ ವಸ್ತುವೂ ಪರಮಾಣುಗಳಿಂದಲೇ ಆದದ್ದು ಅಂತ ಮೇಡಂ ಹೇಳಿದ್ದರು. ಹಾಗಾದರೆ ನನ್ನ ಕೈ ಯಾಕೆ ಡೆಸ್ಕಿನೊಳಗೆ ತೂರಿ ಹೋಗುವುದಿಲ್ಲ? ಅಷ್ಟೇ ಅವಳ ಪ್ರಶ್ನೆ.

"ನೀವು ನಿಮ್ಮ ಕೆಲಸ ನೋಡ್ರಿ," ಎಂದಳು ಸ್ವಪ್ನಾ.

"ನೋಡಾಕತ್ತೀನಿ. ಗೊತ್ತಿಲ್ಲ ಅಂತ ಹೇಳ್ರಿ, ನಿಮ್ಮ ಮರ್ಯಾದಿ ಹೋಗಂಗಿಲ್ಲ. ಕೂತ್ಕೋ ಅಂದ್ರ ಹೋಗ್ತದ... ಆಕಿದು."

ಮತ್ತೆ ಕಿಡಿ ಹಾರತೊಡಗಿತು. ಸ್ವಪ್ನಾಳ ಕೆನ್ನೆ ಉರಿಯಿತು. 'ಯಾರಿವನು? ನನಗೆ ಪಾಠ ಹೇಳಲು ಇವನ್ಯಾರು?' ಸಿಟ್ಟಿನ ಕೆಳಗೆ ಇನ್ನೊಂದು ಮಾತು ಚುಚ್ಚುತ್ತಿತ್ತು. ಆ ಪ್ರಶ್ನೆಯ ಉತ್ತರ ಅವಳಿಗೂ ನಿಜಕ್ಕೂ ಗೊತ್ತಿರಲಿಲ್ಲ.

ಮಾನ್ವಿಯ ಅಕ್ಕಿ ಗಿರಣಿಯ ಮನೆಯ ಮಗಳು ಸ್ವಪ್ನಾ. ರಾಯಚೂರಿನಲ್ಲಿ ಕೋಣೆ ಮಾಡಿಕೊಂಡು, ದಿನವೂ ಬಸ್ಸು ಹಿಡಿದು ಗಬ್ಬೂರಿನಲ್ಲಿ ಇಳಿದು, ಅಲ್ಲಿಂದ ಮಣ್ಣಿನ ರಸ್ತೆಯಲ್ಲಿ ನಡೆದು ಈ ಪ್ರೌಢಶಾಲೆಗೆ ಬರುವ ಅತಿಥಿ ಶಿಕ್ಷಕಿ. ಅತಿಥಿ ಅಂದರೆ, ಯಾವಾಗ ಬೇಕಾದರೂ ಹೋಗು ಎನ್ನಬಹುದಾದವಳು.

ಊಟದ ಬಿಡುವಿನಲ್ಲಿ ಅವಳು ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು.

"ಯಾರ್ರಿ ನೀವು?"

"ಹಾಲೇಶ. ದೇವದುರ್ಗ ಬಸ್‌ಸ್ಟ್ಯಾಂಡಿನ ಬಾಜೂ ವೆಲ್ಡಿಂಗ್ ಅಂಗಡಿ. ಓದಿದ್ದು ಒಂಬತ್ತನೇ ಇಯತ್ತೆ ಅರ್ಧ. ಇದ ಸಾಲಿ, ಇದ ಕಿಟಕಿ ಮಗ್ಗಲಾ."

"ಅರ್ಧ ಯಾಕ?"

ಅವನು ಬಾಟಲಿಯ ನೀರು ಕುಡಿದು ಮುಖ ಒರೆಸಿಕೊಂಡ. "ಆ ಹುಡುಗಿ ಕೇಳಿದ್ದ ನಾನೂ ಕೇಳಿದ್ದೆ. ನಮ್ಮದು ಕುರಿ ಕಾಯೋ ಮನಿ. ಆಗ ಮೌನಪ್ಪ ಸರ್ ವಿಜ್ಞಾನ ಹೇಳ್ತಿದ್ರು. 'ಕುರಿ ಎಣಿಸೋನಿಗೆ ಪರಮಾಣು ಯಾಕಲೇ' ಅಂದ್ರು. ಅವತ್ತಿಂದ ನಾನು ಬಾಯಿ ತೆಗದ್ರ ಸಾಕು, ಹಿಂದಿನ ಬೆಂಚಿನೋರು ಬ್ಯಾ ಬ್ಯಾ ಅನ್ನೋರು. ಸರ್ ಸುಮ್ನ ನಗೋರು. ಎಷ್ಟು ದಿನ ಕೇಳ್ಕೊಂತ ಕುಂದರಲಿ?"

ಹೇಳಿ, ಇದು ಯಾವ ನ್ಯಾಯ? ಒಬ್ಬ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ ಅವನ ಶಾಲೆಯೇ ಮುಗಿದು ಹೋಯಿತು. ನಗಾಡಿದ ಮೇಷ್ಟ್ರು ಮಾತ್ರ ಈಗ ಅದೇ ಶಾಲೆಯ ಪ್ರಭಾರಿ ಹೆಡ್‌ಮಾಸ್ತರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಸ್ವಪ್ನಾ ತರಗತಿಯ ಕಿಟಕಿಯತ್ತ ನೋಡಿದಳು. 'ನಾನೂ ಅದನ್ನೇ ಮಾಡಿದೆನಲ್ಲ...'

ಸಂಜೆ ರಾಯಚೂರಿನ ಬಸ್ಸಿನಲ್ಲಿ ಬಾಗಿಲ ಬಳಿಯೇ ಜನ ಗಿಜಿಗಿಜಿ. ಹಿಂದೆ ಸೀಟುಗಳು ಖಾಲಿ. "ಒಳಗ ಹೋಗ್ರಪ್ಪಾ, ಒಳಗ ಬಯಲದ!" ಎಂದು ಕಂಡಕ್ಟರ್ ಕೂಗುತ್ತಿದ್ದ. ಬಾಗಿಲಲ್ಲಿ ನಿಂತವರು ಹೊಸದಾಗಿ ಹತ್ತುವವರನ್ನು ಮೊಣಕೈಯಿಂದ ತಳ್ಳುತ್ತಿದ್ದರು. ನೂಕಿಸಿಕೊಂಡ ಸ್ವಪ್ನಾ ಥಟ್ಟನೆ ನಕ್ಕುಬಿಟ್ಟಳು. ಕೋಣೆಗೆ ಹೋದವಳೇ ತನ್ನ ಡಿಗ್ರಿಯ ಪುಸ್ತಕ ತೆಗೆದು, ಹೊಳೆದ ಉತ್ತರವನ್ನು ಖಾತ್ರಿ ಮಾಡಿಕೊಂಡಳು.

ಮರುದಿನ ಬೇಕಂತಲೇ ಕಿಟಕಿಯ ಬಳಿ ನಿಂತು, ಹೊರಗೂ ಕೇಳುವಷ್ಟು ಜೋರಾಗಿ ಪಾಠ ಮಾಡಿದಳು.

"ಶಶಿಕಲಾ, ನಿನ್ನೆ ನನಗ ಗೊತ್ತಿರಲಿಲ್ಲ, ಅದಕ್ಕ ಕೂತ್ಕೋ ಅಂದೆ. ತಪ್ಪು ನಂದು. ಈಗ ಕೇಳು. ಪರಮಾಣು ನಮ್ಮೂರಷ್ಟು ದೊಡ್ಡದು ಅನ್ಕೋ. ಅದರ ನ್ಯೂಕ್ಲಿಯಸ್ ಊರ ನಡುವ ಬಿದ್ದ ಒಂದು ಜೋಳದ ಕಾಳು. ಪ್ರೋಟಾನ್, ನ್ಯೂಟ್ರಾನ್ ಎಲ್ಲಾ ಆ ಕಾಳಿನಾಗ. ಉಳಿದದ್ದು ಬಯಲು, ಅಲ್ಲಿ ಎಲೆಕ್ಟ್ರಾನ್ ಅಷ್ಟ. ಆದ್ರ ಎಲೆಕ್ಟ್ರಾನಿಗೆ ಎಲೆಕ್ಟ್ರಾನ್ ಕಂಡ್ರ ಆಗಂಗಿಲ್ಲ. ಎರಡೂ ಋಣ ಆವೇಶದವು. ನಿನ್ನ ಕೈಯಿನವು, ಡೆಸ್ಕಿನವು, ಹತ್ರ ಬಂದ ಕೂಡಲೇ ತಳ್ತಾವ. ಗಬ್ಬೂರಿನಾಗ ಬಸ್ ಹತ್ತತಿಯಲ್ಲ, ಒಳಗ ಖಾಲಿ ಇದ್ರೂ ಬಾಗಿಲಾಗ ನಿಂತೋರು ಬಿಡ್ತಾರೇನು?"

ಮಕ್ಕಳು ಗೊಳ್ಳೆಂದು ನಕ್ಕರು. ಕಿಟಕಿಯಾಚೆ ಬೆಳಕು ಆರಿತ್ತು. ಕನ್ನಡಕ ತೆಗೆದು ಹಾಲೇಶ ಕೇಳುತ್ತಿದ್ದ. ಆ ಮುಖದಲ್ಲಿ ಸಿಟ್ಟಿರಲಿಲ್ಲ... ಎಷ್ಟೋ ವರ್ಷ ಹೊರಗೆ ನಿಂತವನಿಗೆ ಯಾರೋ ಒಳಗೆ ಬಾ ಎಂದ ಹಾಗಿತ್ತು.

"ಅಷ್ಟಾ?" ಎಂದ ಬಿಡುವಿನಲ್ಲಿ. "ಇಷ್ಟು ಹೇಳಾಕ ಮೌನಪ್ಪ ಸರ್‌ಗೆ ಏನು ಧಾಡಿ ಆಗಿತ್ತು?"

ಕಿಟಕಿಗಳಿಗೆ ಸರಳು ಕೂಡಿಸುವ ಅವನ ಕೆಲಸ ಬೇಗ ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ದಿನಕ್ಕೊಂದು ಪ್ರಶ್ನೆ ಕಿಟಕಿಯಿಂದ ಬರುತ್ತಿತ್ತು. ಅದಕ್ಕಾಗಿ ಅವಳು ಬಸ್ಸಿನಲ್ಲೇ ಓದಿಕೊಂಡು ಬರುತ್ತಿದ್ದಳು.

"ತಾಮ್ರದ ತಂತಿಗೆ ಗ್ಯಾಸ್ ಹಿಡದ್ರ ಬೆಂಕಿ ಹಸಿರಾಗ್ತದ. ಯಾಕ?" ಎಂದ ಒಂದು ದಿನ.

"ಕಾವಿಗೆ ಎಲೆಕ್ಟ್ರಾನ್ ಮ್ಯಾಲಿನ ಮೆಟ್ಟಿಲಿಗೆ ಹಾರ್ತಾವ. ವಾಪಸ್ ಇಳಿವಾಗ ತಗೊಂಡದ್ದು ಬೆಳಕಾಗಿ ಬಿಡ್ತಾವ. ಒಂದೊಂದು ಧಾತುವಿಗೆ ಅದರದ ಬಣ್ಣ. ಮಕ್ಕಳಿಗೂ ತೋರಿಸ್ಬೇಕು... ಬೀರುವಿನಾಗ ಸಾಮಾನೆಲ್ಲಾ ಅದ."

ಬೀರು. ಒಂಬತ್ತನೇ ತರಗತಿಯ ಮೂಲೆಯಲ್ಲೇ ನಿಂತಿದ್ದ ಅದರ ಕಥೆ ಕೇಳಿದರೆ ಯಾರಿಗಾದರೂ ರಕ್ತ ಕುದಿಯಬೇಕು. ಸರಕಾರ ಕೊಟ್ಟ ಪ್ರಯೋಗದ ಸಾಮಾನು ಒಳಗೆ, ಹೊರಗೆ ದಪ್ಪ ಬೀಗ. ಬಂದಾಗಿನಿಂದ ಒಮ್ಮೆಯೂ ತೆರೆದಿಲ್ಲ. ಆದರೆ ಸೋಮವಾರ ಬಂತೆಂದರೆ ಮೌನಪ್ಪ ಸರ್ ಬೀಗಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಅದರ ನೀರನ್ನು ಚಿಲಕದ ಮೇಲೆಯೇ ಸುರಿಯುತ್ತಿದ್ದರು. ಮಕ್ಕಳು ಕೈಮುಗಿದು ನಿಲ್ಲಬೇಕು. ವಿದ್ಯೆಗೆ ಪೂಜೆಯಂತೆ. ಮುಟ್ಟಲು ಮಾತ್ರ ಬಿಡುವುದಿಲ್ಲವಂತೆ.

"ಒಮ್ಮೆ ತೆಗೀರಿ ಸರ್," ಎಂದು ಸ್ವಪ್ನಾ ಬೇಡಿಕೊಂಡಳು.

"ಒಂದು ಗ್ಲಾಸ್ ಒಡೀತಂದ್ರ ಇನ್‌ಸ್ಪೆಕ್ಷನ್‌ಗೆ ಯಾರು ಹೊಣಿ, ನೀವಾ? ನಾಳೆ ಹೋಗೋರು ನೀವು. ಬೋರ್ಡಿನ ಮ್ಯಾಲ ಬರದು ತೋರಿಸ್ರಿ, ಸಾಕು."

ಗೇಟಿನ ಬಳಿಯಿದ್ದ ಹಾಲೇಶ ತಡೆಯಲಾರದೆ ಕೂಗಿದ, "ಮೇಡಂ, ಹೂಂ ಅನ್ರಿ. ಕಬ್ಬಿಣ ಕೊಯ್ಯೋ ಗ್ರೈಂಡರ್ ಹಚ್ಚಿ ಒಂದು ನಿಮಿಷದಾಗ ತೆಗಿತೀನಿ."

ಆ ಮಾತೇ ಮುಳುವಾಯಿತು.

ಗುರುವಾರ ಬೆಳಿಗ್ಗೆ ಬೀರುವಿನ ಚಿಲಕ ಮುರಿದು ಬೀಗದ ಸಮೇತ ನೆಲದ ಮೇಲೆ ಬಿದ್ದಿತ್ತು. ಮೌನಪ್ಪ ಸರ್ ಅದನ್ನು ಮೇಜಿನ ಮೇಲೆತ್ತಿಟ್ಟು, ಬೀರುವಿನ ಹಿಡಿಕೆಗೆ ತಂತಿ ಸುತ್ತಿಸಿ, ಎಲ್ಲರನ್ನೂ ಸೇರಿಸಿದರು.

"ಕುರಿಯೋನು ಹೇಳಿದ್ದು ಮಾಡಿದ. ಸೋಮವಾರ ಪೂಜಿ ಮುಗಿಸಿ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ. ಮೇಡಂ, ನೀವ ಹೇಳಿ ಮಾಡಿಸಿದ್ರೇನು?"

ಕೆಲಸ, ಮಾನ್ವಿಯ ಅಪ್ಪನ ಮುಖ, ಮಕ್ಕಳ ದಿಟ್ಟಿ... ಭಯ ಬಾಯಿಗೆ ಬಂತು. ಸ್ವಪ್ನಾ ಹಾಲೇಶನ ಕಡೆ ತಿರುಗಿದಳು.

"ಯಾರು ಕೇಳಿದ್ರು ನಿನ್ನ? ಓದದೋರ ಬುದ್ಧಿ ಇಷ್ಟ. ನನ್ನ ಹೊಟ್ಟಿ ಮ್ಯಾಲ ಹೊಡದಿ."

ಅವನು ಅವಳನ್ನೇ ನೋಡಿದ. ಸಾಮಾನು ಗಾಡಿಗೆ ಹಾಕಿ ಹೊರಟೇಹೋದ. ಹಿಂದಿನಿಂದ ಯಾರೋ 'ಬ್ಯಾ' ಎಂದರು.

ಕಿಟಕಿ ಖಾಲಿಯಾಯಿತು. ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ, ಮೇಜಿನ ಮೇಲಿದ್ದ ಆ ಚಿಲಕವನ್ನು ಸುಮ್ಮನೆ ಕೈಗೆತ್ತಿಕೊಂಡಳು. ಅಂಚು ಬೆರಳಿಗೆ ಪುಡಿಪುಡಿಯಾಗಿ ಹತ್ತಿತು.

ಕಂದು ಪುಡಿ.

ಗ್ರೈಂಡರ್ ಕೊಯ್ದಿದ್ದರೆ ಅಂಚು ಬೆಳ್ಳಗೆ ಹೊಳೆಯಬೇಕಿತ್ತು. ಇದು ಒಳಗಿನವರೆಗೂ ತುಕ್ಕು. ಸೋಮವಾರ ಸೋಮವಾರ ಸುರಿದ ಕಾಯಿನೀರು, ಅದರ ಉಪ್ಪಿನಂಶ, ಒರೆಸದೆ ಬಿಟ್ಟ ಪಸೆ. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತಾ ಹೋಗಿದೆ, ಗಾಳಿಯ ಆಮ್ಲಜನಕ ತೆಗೆದುಕೊಳ್ಳುತ್ತಾ ಹೋಗಿದೆ. ಹೋದ ತಿಂಗಳಷ್ಟೇ ಇದೇ ಪಾಠ ಮಾಡಿದ್ದಳು. ಆದರೂ ನೋಡಲಿಲ್ಲ. ಕುರಿಯವನು ಎಂದರು, ಅವಳು ಹೌದೆಂದಳು. 'ಛೀ ನನ್ನ ಡಿಗ್ರಿಗೆ...'

ಭಾನುವಾರ ಮಧ್ಯಾಹ್ನ ದೇವದುರ್ಗದ ಅಂಗಡಿಯ ಮುಂದೆ ನಿಂತಳು.

"ತಪ್ಪಾಯ್ತು ಹಾಲೇಶ. ಅದು ತುಕ್ಕು ಹಿಡದು ಬಿದ್ದದ್ದು."

ಅವನು ಕಬ್ಬಿಣ ಬಡಿಯುವುದು ನಿಲ್ಲಿಸಲಿಲ್ಲ. "ಗೊತ್ತು. ನಾನು ಕೊಯ್ದಿಲ್ಲ ಅಂತ ನನಗ ಗೊತ್ತಿರಂಗಿಲ್ಲೇನು?"

"ಅವತ್ತ ಯಾಕ ಹೇಳಲಿಲ್ಲ?"

ಸುತ್ತಿಗೆ ನಿಂತಿತು. "ಮೌನಪ್ಪ ಅಂದಿದ್ರ ಹೇಳ್ತಿದ್ದೆ. ಅಂದದ್ದು ನೀವು."

ಅವಳ ಕಣ್ಣು ತುಂಬಿತು. "ಕ್ಷಮಿಸು..."

"ಬೈದದ್ದು ಊರ ಮುಂದ, ಕ್ಷಮಾ ಕೇಳೋದು ಕದ್ದು ಬಂದು? ಹೋಗ್ರಿ ಮೇಡಂ. ಬಸ್ ತಪ್ತದ."

"ನಾಳೆ ಸಾಲಿಗೆ ಬಾ. ಗ್ಯಾಸಿನ ಟಾರ್ಚ್ ತಗೊಂಡು ಬಾ."

ಅವನು ಮತ್ತೆ ಸುತ್ತಿಗೆ ಎತ್ತಿಕೊಂಡ.

ಸೋಮವಾರ. ಮೌನಪ್ಪ ಸರ್ ಕಾಯಿ ಹಿಡಿದು ಬೀರುವಿನ ಮುಂದೆ ನಿಂತಿದ್ದರು. ಮಕ್ಕಳು ಸಾಲಾಗಿ ಕೈಮುಗಿದಿದ್ದರು. ಗೇಟಿನಲ್ಲಿ ಗಾಡಿ ನಿಂತ ಸದ್ದಾಯಿತು. ಹಾಲೇಶ ಒಳಗೆ ಬರಲಿಲ್ಲ, ಅಲ್ಲಿಯೇ ನಿಂತ.

ಸ್ವಪ್ನಾ ಸಾಲು ಬಿಟ್ಟು ಮುಂದೆ ಬಂದಳು. ಚಿಲಕವನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಎರಡು ಬೆರಳಿನಿಂದ ಮುರಿದಳು. ಬಿಸ್ಕಿಟ್ಟಿನ ಹಾಗೆ ಮುರಿಯಿತು.

"ನೋಡ್ರಿ. ಕೊಯ್ದದ್ದಲ್ಲ. ಕಾಯಿನೀರಿಗೆ ತುಕ್ಕು ಹಿಡಿದದ್ದು. ಓದಿದಾಕಿ ನಾನು, ನೋಡದನ ಒಬ್ಬರ ಮ್ಯಾಲ ಅಪವಾದ ಹೊರಿಸಿದೆ. ಹಾಲೇಶ, ಇವರೆಲ್ಲರ ಮುಂದ ಹೇಳ್ತೀನಿ, ತಪ್ಪು ನಂದು."

ಶಶಿಕಲಾ ಮೆಲ್ಲಗೆ ಕೈ ಎತ್ತಿದಳು. "ಸರ್... ಹಂಗಾರ ಚಿಲಕ ಮುರದೋರು ನೀವಾ?"

ಮೌನಪ್ಪ ಸರ್ ಕೈಯಲ್ಲಿನ ಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದರು. "ಮೇಡಂ, ನಾಳಿಂದ ನೀವು ಬರೋದು ಬ್ಯಾಡ."

"ಬರ್ತೀನಿ ಸರ್. ಹಾಜರಿ ಹಾಕಬ್ಯಾಡ್ರಿ. ಬೇವಿನ ಗಿಡದ ಕೆಳಗ ಪಾಠ ಹೇಳ್ತೀನಿ. ಇವತ್ತು ಮಾತ್ರ ಇದನ್ನ ತೆಗಿತೀನಿ."

ಅವಳು ತಂತಿ ಬಿಚ್ಚಿದಳು. ಬಾಗಿಲು ಕಿರುಗುಟ್ಟಿತು. ಹಳೆಯ ಪೇಪರಿನಲ್ಲಿ ಸುತ್ತಿದ ಗಾಜಿನ ನಳಿಕೆಗಳು ಕಣ್ಣು ಬಿಟ್ಟಂತೆ ಮಿಂಚಿದವು. ಒಂದು ಡಬ್ಬಿಯಲ್ಲಿ ನೀಲಿ ಮೈಲುತುತ್ತ, ತಾಮ್ರದ ಲವಣ. ಮಕ್ಕಳೆಲ್ಲ ಒಮ್ಮೆಲೇ ಮುಂದೆ ನುಗ್ಗಿದರು. ಮೌನಪ್ಪ ಸರ್ ಕಾಯಿ ಹಿಡಿದೇ ಪಕ್ಕಕ್ಕೆ ಸರಿದರು.

"ಟಾರ್ಚ್ ಹಚ್ಚೋರು ಬೇಕು," ಎಂದಳು ಸ್ವಪ್ನಾ ಗೇಟಿನತ್ತ ನೋಡುತ್ತಾ. "ಒಳಗ ಬರ್ರಿ."

ಹಾಲೇಶ ಹೊಸ್ತಿಲಲ್ಲಿ ಒಂದು ಕ್ಷಣ ತಡೆದ. ಆಮೇಲೆ ತನ್ನ ಹಳೆಯ ಜಾಗ, ಕಿಟಕಿಯ ಮಗ್ಗುಲಿಗೆ ಬಂದು ನಿಂತು ಜ್ವಾಲೆ ಹೊತ್ತಿಸಿದ. ಮಕ್ಕಳನ್ನು ದೂರ ಸರಿಸಿ, ಅವಳು ಮೈಲುತುತ್ತ ಅಂಟಿದ ತಂತಿಯನ್ನು ಅದಕ್ಕೆ ಹಿಡಿದಳು.

ಬೆಂಕಿ ಹಸಿರಾಯಿತು. ನಾಟಿಯ ಹೊಸ ಭತ್ತದ ಹಸಿರು.

ಯಾರೂ 'ಬ್ಯಾ' ಎನ್ನಲಿಲ್ಲ. ಶಶಿಕಲಾ ಮಾತ್ರ "ಇನ್ನೊಮ್ಮೆ ಮಾಡ್ರಿ ಅಣ್ಣಾ" ಎಂದಳು.

ಸಂಜೆ ಗಬ್ಬೂರಿನ ಬಸ್ ನಿಲ್ದಾಣದಲ್ಲಿ ಅವನ ಗಾಡಿ ಅವಳ ಪಕ್ಕ ಬಂದು ನಿಂತಿತು.

"ಕೆಲಸ ಹೋಯ್ತಲ್ಲ ಮೇಡಂ."

"ಹೋದ್ರ ಹೋಗಲಿ. ನೀ ಹೋದ್ಯಲ್ಲ, ಆ ಎರಡು ದಿನ ತಡಕೊಳ್ಳಾಕ ಆಗಲಿಲ್ಲ ನನಗ." ಹೇಳಿಬಿಟ್ಟು ತಲೆ ತಗ್ಗಿಸಿದಳು. "ಮತ್ತ... ಮೇಡಂ ಅನ್ನಬ್ಯಾಡ."

ಅವನು ಗಾಡಿ ಇಳಿದು ಬಂದು, ಕಟ್ಟೆಯ ಮೇಲಿದ್ದ ಅವಳ ಕೈಯ ಪಕ್ಕದಲ್ಲೇ ತನ್ನ ಸುಟ್ಟ ಕಲೆಗಳ ಕೈ ಇಟ್ಟ.

"ಒಂದು ಪ್ರಶ್ನಿ. ಎಲೆಕ್ಟ್ರಾನ್ ತಳ್ತಾವ ಅಂದ್ರ, ಇಬ್ಬರ ಕೈ ಎಂದೂ ಪೂರ್ತಿ ಕೂಡಂಗೇ ಇಲ್ಲೇನು?"

"ಪುಸ್ತಕದ ಪ್ರಕಾರ... ಇಲ್ಲ."

"ಪುಸ್ತಕ ಇರಲಿ. ನೀನು ಏನಂತಿ, ಸ್ವಪ್ನಾ?"

ಅವಳು ಅವನ ಕೈ ಹಿಡಿದುಕೊಂಡಳು. ರಾಯಚೂರಿನ ಬಸ್ಸು ಬಂದು, ನಿಂತು, ಹೋಯಿತು.

"ಬಸ್ ಹೋಯ್ತು," ಎಂದ ಹಾಲೇಶ.

"ಬಾಗಿಲಾಗ ಬಾಳ ಮಂದಿ ಇದ್ರು," ಎಂದಳು ಅವಳು.