ನಾನಿಲ್ಲದೆಯೂ ಓಡುವ ಗಂಟು

"ಕೊನೆಯವರು ಯಾರು?" ಎಂದು ಕೂಗಿದೆ. ನಮ್ಮ ಬರಕೋವಾ ಊರಲ್ಲಿ ಬಸ್ಸಿನ ಬದಲು ಓಡುವ ಲಾರಿಗೆ ಕಾಯುವವರು ಸಾಲಾಗಿ ನಿಲ್ಲುವುದಿಲ್ಲ. ಕೊನೆಯವರ ಮುಖ ನೆನಪಿಟ್ಟುಕೊಂಡು ಎಲ್ಲಾದರೂ ಕೂರುತ್ತಾರೆ.

"ನಾನೇ," ಅಂದಳೊಬ್ಬಳು ಬಾದಾಮಿ ಮರದ ನೆರಳಿನಿಂದ. "ಸರಿಯಾಗಿ ನೋಡ್ಕೋ. ಮರೆತ್ರೆ ನಿನ್ನ ಜಾಗ ಹೋಯ್ತು."

ಮರೆಯುವುದಿರಲಿ, ಲಾರಿ ಬಂದು ನಿಂತರೂ ಆ ಮುಖವನ್ನೇ ನೋಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು, ಅದಕ್ಕೇ ಬೇಕೆಂದೇ ಸಮುದ್ರದ ಕಡೆ ತಿರುಗಿ ನಗುತ್ತಿದ್ದಳು.

ಅವಳು ಮಾಯ್ಲೆನ್. ದೂರದ ಮಾಯ್ಸಿಯ ಆಸ್ಪತ್ರೆಯಲ್ಲಿರುವ ಒಂದೇ ಒಂದು ಹಳೇ ಸರ್ವರ್ ಕಂಪ್ಯೂಟರ್ ಅವಳ ಉಸ್ತುವಾರಿಯಲ್ಲಿತ್ತು. ನಾನು ಯೋಸ್ವೆಲ್. ಮೇಷ್ಟ್ರ ಜೊತೆ ಜಗಳವಾಡಿ ಶಾಲೆ ಬಿಟ್ಟವನು, ಫೋನ್ ರಿಪೇರಿ ಮಾಡುವವನು, ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ಒಬ್ಬನೇ ಕೂತು ಕಲಿತವನು. ಲಾರಿ ಇಳಿಯುವಷ್ಟರಲ್ಲಿ ಅವಳಿಗೆ ಮಾತು ಕೊಟ್ಟಾಗಿತ್ತು: ರೋಗಿಗಳು ಬಿಸಿಲಲ್ಲಿ ಕಾಯದೆ ಫೋನಿನಲ್ಲೇ ಸಮಯ ಪಡೆಯುವಂಥ ಪ್ರೋಗ್ರಾಂ ಬರೆದುಕೊಡುತ್ತೇನೆ.

ಬರೆದೆ. ಅದಕ್ಕೆ ಬೇಕಾದ, ಬೇರೆಯವರು ಬರೆದಿಟ್ಟ ಮಾಡ್ಯೂಲ್‌ಗಳನ್ನೆಲ್ಲ ಒಂದೇ ಗಂಟು ಕಟ್ಟಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಅವಳ ಸರ್ವರ್‌ನಲ್ಲಿ ಅದು ತೆರೆಯಲೇ ಇಲ್ಲ.

"ನನ್ನ ಮನೇಲಿ ಕುದುರೆ ಥರ ಓಡ್ತಿತ್ತು!" ಮೇಜು ಗುದ್ದಿದೆ. "ನಿನ್ನ ಡಬ್ಬಾ ಮಿಷಿನ್ನಿಗೆ ಬೆಂಕಿ ಹಾಕ!"

"ಹಾಕು. ಆಮೇಲೆ ಹೊರಗೆ ಕೂತಿರೋ ಅಜ್ಜಿಯರಿಗೆ ನೀನೇ ಉತ್ತರ ಹೇಳು."

ತಪ್ಪು ನನ್ನದೇ. ವೇಗಕ್ಕೆಂದು ಹಾಕಿದ್ದ ಒಂದು ಮಾಡ್ಯೂಲ್‌ನ ಹೊಟ್ಟೆಯಲ್ಲಿ ಸಿ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯ ತುಂಡಿತ್ತು. ಅದು ನನ್ನ ಕಂಪ್ಯೂಟರಿಗಷ್ಟೇ ತಿಳಿಯುವ ಯಂತ್ರಭಾಷೆಗೆ ಕಂಪೈಲ್ ಆಗಿದ್ದು, ಬೇರೆ ಜಾತಿಯ ಮಿಷಿನ್ನಿನಲ್ಲಿ ಉಸಿರೇ ಆಡದು. ಇಲ್ಲಿ ಹೊಸದಾಗಿ ಕಂಪೈಲ್ ಮಾಡೋಣವೆಂದರೆ ಕಂಪೈಲರ್ ಇಲ್ಲ, ಊರೊಳಗೇ ಓಡುವ ವೈಫೈ ಬಿಟ್ಟರೆ ಇಂಟರ್ನೆಟ್ಟೂ ಇಲ್ಲ.

"ಹಳೇ ಮಿಷಿನ್ ಒಂದು ಹುಡುಕಿ, ಇದಕ್ಕೆ ಹೊಂದೋ ಹಾಗೆ ಮಾಡ್ಕೊಂಡು ಬರ್ತೀನಿ," ಎಂದೆ. "ಏನಾದ್ರೂ ಕೆಟ್ಟ ಪ್ರತಿಸಲಾನೂ ನಾನೇ ಬರ್ತೀನಿ. ನನಗೇನು ಕಷ್ಟ?"

"ಮಳೆಗೆ ರಸ್ತೆ ಕೊಚ್ಕೊಂಡು ಹೋದ್ರೆ? ಬರೀ ಪರ್ಲ್‌ನಲ್ಲೇ ಬರೆದ ಮಾಡ್ಯೂಲ್ ಇಲ್ವಾ?"

"ಇದೆ. ನಿಧಾನ."

"ಎಷ್ಟು ನಿಧಾನ?"

"ಕಣ್ಣು ಮಿಟುಕಿಸೋಷ್ಟು."

"ಅಯ್ಯೋ ನಿನ್ನ! ನಮ್ಮೂರಲ್ಲಿ ಬ್ರೆಡ್ಡಿಗೆ ಅರ್ಧ ದಿನ ಕಾಯ್ತಾರೆ ಮಾರಾಯಾ." ಅವಳು ನನ್ನನ್ನೇ ನೋಡುತ್ತಾ ನಿಧಾನವಾಗಿ ಒಮ್ಮೆ ಕಣ್ಣು ಮಿಟುಕಿಸಿದಳು. "ಇಷ್ಟೇ ತಾನೇ?"

ನನ್ನ ಸಿಟ್ಟು ವೇಗದ ಬಗ್ಗೆ ಆಗಿರಲಿಲ್ಲ. ಪ್ರೋಗ್ರಾಂ ಕೆಡುತ್ತಿದ್ದರೆ ಲಾರಿ ಹತ್ತಬಹುದು. ಹತ್ತಿದರೆ ಅವಳ ಕಾಫಿ, ಅವಳ ಚುಚ್ಚುಮಾತು. ತಾನಾಗಿಯೇ ಓಡತೊಡಗಿದರೆ ಶಾಲೆ ಬಿಟ್ಟ ಈ ಸಿಡುಕನನ್ನು ಮಾಯ್ಸಿಗೆ ಯಾರು ಕರೆಯುತ್ತಾರೆ?

ಆದರೆ ಹೊರಗಿನ ಬೆಂಚಿನಲ್ಲಿ ಆ ಅಜ್ಜಿಯರು ಕೂತಿದ್ದರು.

ಮನೆಗೆ ಬಂದು ಗಂಟು ಬಿಚ್ಚಿದೆ. ವೇಗದ ಮಾಡ್ಯೂಲನ್ನು ಕಿತ್ತೆಸೆದರೆ, ಅದೇ ಸಿ ಭಾಷೆಯ ಕಳ್ಳ ಇನ್ನೊಂದು ಮಾಡ್ಯೂಲ್‌ನ ಬೆನ್ನ ಹಿಂದೆ ಅಡಗಿ ಕೂತಿದ್ದ. ಅದನ್ನೂ ಕಿತ್ತೆ. ಪರ್ಲ್‌ನ ಜೊತೆಗೇ ಬರುವುದನ್ನು ಬಿಟ್ಟು ಕಂಪೈಲ್ ಆದ ಒಂದು ಚೂರೂ ಉಳಿಯದಂತೆ ಬೈಯುತ್ತಲೇ ಜಾಲಾಡಿದೆ. ನನ್ನನ್ನೇ ಅಲ್ಲಿಂದ ಕಿತ್ತು ಹಾಕಿದ ಹಾಗಿತ್ತು.

ಮತ್ತೆ ಮಾಯ್ಸಿಗೆ ಒಯ್ದೆ. ಈ ಸಲ ತೆರೆಯಿತು. ಬೆಂಚಿನಲ್ಲಿದ್ದ ಒಬ್ಬ ಅಜ್ಜಿ ಫೋನು ನೋಡಿ ಎದ್ದೇಬಿಟ್ಟಳು. "ಮಂಗಳವಾರವಂತೆ! ಹಂಗಾದ್ರೆ ಇಲ್ಲಿ ಯಾಕೆ ಕೂರ್ಲಿ? ಕೋಳಿಗೆ ಕಾಳು ಹಾಕ್ಬೇಕು."

ಮಾಯ್ಲೆನ್ ಚಪ್ಪಾಳೆ ತಟ್ಟಿದಳು. ನಾನು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು, "ಇನ್ನು ನಾನು ಬೇಕಾಗಿಲ್ಲ," ಎಂದು ಕಾಫಿಯನ್ನೂ ಕುಡಿಯದೆ ಹೊರಟೆ.

ಲಾರಿ ನಿಲ್ಲುವಲ್ಲಿ ಕಲ್ಲಿನ ಮೇಲೆ ಕೂತು ಇಡೀ ಜಗತ್ತನ್ನು ಬೈಯುತ್ತಿದ್ದೆ.

"ಕೊನೆಯವರು ಯಾರು?"

ತಲೆಯೆತ್ತಿದೆ. ಮಾಯ್ಲೆನ್. ಕೈಯಲ್ಲಿ ಫ್ಲಾಸ್ಕು, ಓಡಿ ಬಂದ ಏದುಸಿರು.

"ನಾನೇ," ಎಂದೆ. "ಏನು ಕೆಡ್ತು?"

"ಏನೂ ಕೆಟ್ಟಿಲ್ಲ ಪೆದ್ದಾ." ಪಕ್ಕದಲ್ಲೇ ಕೂತಳು. "ಕೆಟ್ಟಾಗ ಬರೋನು ಮೆಕ್ಯಾನಿಕ್. ಏನೂ ಕೆಡದೇ ಇದ್ದಾಗ್ಲೂ ನೀನು ಬರ್ತೀಯಾ? ಅದು ನನಗೆ ಗೊತ್ತಾಗ್ಬೇಕಿತ್ತು."

"ಬರ್ತೀನಿ," ಎಂದೆ. "ನೀನು ಬೇಡ ಅಂದ್ರೂ ಬರ್ತೀನಿ."

"ಬೇಡ ಅಂದೋರು ಯಾರು?" ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಸುರಿದು, ಮೊದಲ ಗುಟುಕು ತಾನು ಕುಡಿದು ನನಗೆ ಕೊಟ್ಟಳು.

ಲಾರಿ ಧೂಳೆಬ್ಬಿಸುತ್ತಾ ಬಂತು. ಹಿಂದೆಯೇ ಓಡಿ ಬಂದ ಮುದುಕನೊಬ್ಬ, "ಕೊನೆಯವರು ಯಾರು?" ಎಂದು ಕೂಗಿದ.

"ನಾವು ತಾತ," ಅಂದಳು ಮಾಯ್ಲೆನ್. "ನೀವು ಹತ್ತಿ. ನಮಗೇನೂ ಅವಸರ ಇಲ್ಲ."