ಏನಂದ್ರಿ?

ಕಾಫಿ ಮಷೀನು ಬೀಜ ಅರೆಯುವ ಹೊತ್ತಿಗೇ ಅವನು ಬಾಯಿ ತೆರೆಯಬೇಕೆ?

ಆಫೀಸಿನ ಪ್ಯಾಂಟ್ರಿಯಲ್ಲಿ ಇದ್ದದ್ದು ಅವರಿಬ್ಬರೇ. ಅವನು ಕಪ್ಪನ್ನು ತುಟಿಯ ಹತ್ತಿರ ಹಿಡಿದುಕೊಂಡು ಏನೋ ಹೇಳಿದ. ಮಷೀನಿನ ಗರಗರದಲ್ಲಿ ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕಂಡದ್ದು ಮುಖ ಮಾತ್ರ, ಆ ಮುಖದಲ್ಲಿ ಒಂದು ಅರ್ಧ ನಗು. ನಗು ಇದೆ ಅಂದಮೇಲೆ ಒಳ್ಳೆಯ ಸುದ್ದಿಯೇ ಇರಬೇಕು, ಪ್ರಮೋಷನ್ನೋ ಹೊಸ ಬೈಕೋ ಎಂದು ಅವಳು ಅಂದಾಜು ಮಾಡಿದಳು. ಇಷ್ಟು ವರ್ಷವೂ ಅವಳು ಮಾತಿಗೆ ಉತ್ತರ ಕೊಟ್ಟದ್ದು ಇಂಥ ಅಂದಾಜಿನ ಮೇಲೆಯೇ.

"ಅಯ್ಯೋ, ಸೂಪರ್!" ಎಂದಳು ಕಣ್ಣರಳಿಸಿ. "ಪಾರ್ಟಿ ಯಾವಾಗ?"

ಅವನ ಅರ್ಧ ನಗು ಇದ್ದಲ್ಲೇ ನಿಂತಿತು. ಕಪ್ಪನ್ನು ಸಿಂಕಿನ ಪಕ್ಕ ಇಟ್ಟ, ಒಂದು ಗುಟುಕೂ ಕುಡಿದಿರಲಿಲ್ಲ. ಗುರುತೇ ಇಲ್ಲದವರನ್ನು ನೋಡುವ ಹಾಗೆ ಅವಳನ್ನು ಒಮ್ಮೆ ನೋಡಿ ಹೊರಟುಹೋದ.

ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಗೊತ್ತಾಯಿತು. ಏನು ಎಂದು ಗೊತ್ತಾಗಲಿಲ್ಲ. ಹಿಂದೆಯೇ ಓಡಿ "ಏನಂದ್ರಿ?" ಎಂದು ಕೇಳಿದ್ದರೆ ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು. ಆದರೆ ಆ ಒಂದು ಮಾತು ಅವಳ ಬಾಯಿಂದ ಆ ಆಫೀಸಿನಲ್ಲಿ ಇವತ್ತಿನವರೆಗೂ ಹೊರಬಿದ್ದಿರಲಿಲ್ಲ.

ಅವಳು ವೆಬ್ ಡೆವಲಪರ್. ಕಣ್ಣು ಕಾಣದವರು, ಕಿವಿ ಕೇಳಿಸದವರು, ಮೌಸ್ ಹಿಡಿಯಲು ಕೈ ಬಾರದವರು ಎಲ್ಲರೂ ಬಳಸುವಂತೆ ವೆಬ್‌ಸೈಟುಗಳನ್ನು ತಿದ್ದಿ ಕಟ್ಟುವುದು ಅವಳ ಕೆಲಸ. ಚಿತ್ರಗಳ ಹಿಂದೆ ಬರೆದಿಡುವ ವಿವರಣೆಗೆ ಆಲ್ಟ್ ಎನ್ನುತ್ತಾರೆ, ಕಣ್ಣು ಕಾಣದವರಿಗೆ ಕಂಪ್ಯೂಟರು ಅದನ್ನೇ ಓದಿ ಹೇಳುವುದು. "ಆಲ್ಟ್ ಎಲ್ಲಿ? ಆಲ್ಟ್ ಹಾಕಿದ್ರಾ?" ಎಂದು ಎಲ್ಲರ ಪ್ರಾಣ ತಿಂದೂ ತಿಂದೂ ಅವಳಿಗೆ ಆಲ್ಟ್ ಅಕ್ಕ ಎಂಬ ಹೆಸರು ಬಿದ್ದಿತ್ತು.

ಅವನು ಟೆಸ್ಟರ್. ಅವಳು ಕಟ್ಟಿದ್ದರಲ್ಲಿ ತಪ್ಪು, ಅವರ ಭಾಷೆಯಲ್ಲಿ ಬಗ್, ಹುಡುಕುವುದಕ್ಕೇ ಅವನಿಗೆ ಸಂಬಳ. ಅವನು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವನು ಮೆಲ್ಲಣ್ಣ. ಹಾಗೆ ಕರೆಯದವಳು ಅವಳೊಬ್ಬಳೇ. ಬೇರೆ ಯಾರನ್ನು ಬೇಕಾದರೂ ಅಣ್ಣ ಎಂದಾಳು, ಅವನನ್ನು ಮಾತ್ರ ಅನ್ನಲಾರಳು. ಅವನೂ ಅವಳನ್ನು ಅಕ್ಕ ಎಂದವನಲ್ಲ. ಅರ್ಥ ಮಾಡಿಕೊಳ್ಳುವವರಿಗೆ ಇಷ್ಟು ಸಾಕಾಗಿತ್ತು. ಅವರಿಬ್ಬರಿಗೆ ಮಾತ್ರ ಸಾಕಾಗಿರಲಿಲ್ಲ.

ಹೊಸಬರು ಕೆಲಸಕ್ಕೆ ಸೇರಿದಾಗಲೆಲ್ಲ ಪಾಠ ಮಾಡುವವಳು ಅವಳೇ. "ಕಿವಿ ಕೇಳಿಸದೆ ಇರೋದ್ರಲ್ಲಿ ನಾಚಿಕೆ ಪಡೋಂಥದ್ದು ಏನಿದೆ? ನಾಚಿಕೆ ಆಗ್ಬೇಕಾಗಿರೋದು ಕ್ಯಾಪ್ಶನ್ ಹಾಕದೆ ವಿಡಿಯೋ ಬಿಡೋರಿಗೆ!" ಎನ್ನುತ್ತಿದ್ದಳು. ಹೊಸಬರು ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಅವಳಿಗೆ ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆದ ಹಾಗೆ ಕೇಳಿಸುತ್ತಿತ್ತು, ಅದೂ ಬಲಗಿವಿಯಲ್ಲಿ ಮಾತ್ರ.

ಕಾಲೇಜು ಮುಗಿಯುವ ಹೊತ್ತಿಗೆ ಬಂದ ಒಂದು ಜ್ವರ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ತೆಗೆದುಕೊಂಡು ಹೋಗಿತ್ತು. "ಕೂದ್ಲು ಬಿಟ್ಕೋ, ಕಿವಿ ಮಷೀನ್ ಕಾಣತ್ತೆ" ಎಂದು ಅಮ್ಮ ಮೊದಲ ದಿನವೇ ಹೇಳಿದ್ದಳು. ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಷೀನನ್ನೇ ಮನೆಯ ಕಪಾಟಿನಲ್ಲಿ ಬಿಟ್ಟು ಆಫೀಸಿಗೆ ಬರುತ್ತಿದ್ದಳು.

ಕಿವಿ ಕೈಕೊಟ್ಟರೆ ತುಟಿ ನೋಡಬೇಕು. ಅವನು ಮಾತಾಡುವಾಗ ಅವಳು ಅವನ ತುಟಿಯ ಮೇಲಿಟ್ಟ ಕಣ್ಣನ್ನು ಕೀಳುತ್ತಲೇ ಇರಲಿಲ್ಲ. ಅವನು ಕೆಂಪಾಗುತ್ತಿದ್ದ, ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದ, ಅವಳು ಇನ್ನಷ್ಟು ಹತ್ತಿರ ಬಗ್ಗುತ್ತಿದ್ದಳು. ಒಂದು ಸೋಮವಾರ ಇದ್ದಕ್ಕಿದ್ದಂತೆ ಮೀಸೆ ಬೋಳಿಸಿಕೊಂಡು ಬಂದ. ಅವಳಿಗೆ ಬಹಳ ಅನುಕೂಲವಾಯಿತು, ಅರ್ಧರ್ಧ ತಿಳಿಯುತ್ತಿದ್ದ ಮಾತು ಮುಕ್ಕಾಲು ತಿಳಿಯತೊಡಗಿತು. ಮೇಲ್ದುಟಿಯ ಬಲಕ್ಕೆ ಒಂದು ಪುಟ್ಟ ಮಚ್ಚೆ ಇದೆ ಎಂಬುದೂ ತಿಳಿಯಿತು. ಅದು ಕೆಲಸಕ್ಕೆ ಬೇಕಾದ ವಿಷಯವಾಗಿರಲಿಲ್ಲ.

ಪ್ಯಾಂಟ್ರಿಯ ಆ ದಿನದಿಂದ ಅವನು ಅವಳ ಮೇಜಿನ ಹತ್ತಿರ ಬರುವುದನ್ನೇ ಬಿಟ್ಟ. ಮೊದಲೆಲ್ಲ ಒಂದು ಕಾಮಾ ತಪ್ಪಿದ್ದರೂ ಎದ್ದು ಬಂದು ಹೇಳುತ್ತಿದ್ದವನು ಈಗ ಎಲ್ಲವನ್ನೂ ಕಂಪ್ಯೂಟರಿನಲ್ಲೇ ದೂರು ಬರೆದು, ಟಿಕೆಟ್ ಮಾಡಿ ಕಳಿಸುತ್ತಿದ್ದ. "ಬಟನ್ ಕೆಲಸ ಮಾಡುತ್ತಿಲ್ಲ. ಪರಿಶೀಲಿಸಿ." ಅಷ್ಟೇ. ಆಮೇಲೆ ಅವನ ಕುರ್ಚಿಯೇ ಖಾಲಿಯಾಯಿತು. ಮ್ಯಾನೇಜರ್ ಮೇಡಂ ಗ್ರೂಪಿಗೆ ಮೆಸೇಜ್ ಹಾಕಿದರು: ಅವನ ತಾಯಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿದೆ, ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದಿದ್ದಾರೆ, ಅವನ ಕೆಲಸವನ್ನು ಎಲ್ಲರೂ ಹಂಚಿಕೊಳ್ಳಬೇಕು.

ಅವಳು ಮೆಸೇಜನ್ನು ಓದಿದಳು. ಪ್ಯಾಂಟ್ರಿ ನೆನಪಾಯಿತು, ಅವನ ತುಟಿ, ಅರ್ಧ ನಗು. ಅವನು ಹೇಳಿದ್ದು ಇದನ್ನೇ. ಇದಕ್ಕೆ ನಾನು "ಸೂಪರ್" ಅಂದಿದ್ದೆ. "ಪಾರ್ಟಿ ಯಾವಾಗ" ಅಂದಿದ್ದೆ.

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಫೋನು ತೆಗೆದು "ಸಾರಿ, ನನಗೆ ಅವತ್ತು ಕೇಳಿಸಲಿಲ್ಲ" ಎಂದು ಬರೆದಳು. ಕೇಳಿಸಲಿಲ್ಲ ಎಂಬುದನ್ನು ನೋಡಿ ಹೆದರಿ ಅಳಿಸಿದಳು. "ಸಾರಿ, ಗಮನ ಬೇರೆ ಕಡೆ ಇತ್ತು" ಎಂದು ಬರೆದಳು. ಅದು ಇನ್ನೂ ಅಸಹ್ಯವಾಗಿ ಕಂಡಿತು, ಅದನ್ನೂ ಅಳಿಸಿದಳು. ಇಂಥ ಹೊತ್ತಿನಲ್ಲೂ ಕಿವಿಯನ್ನು ಮುಚ್ಚಿಡುವುದೇ ತನಗೆ ಮುಖ್ಯವಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ. ರಜೆ ಸಿಕ್ಕರೆ ತನ್ನ ಪಾಡಿಗೆ ಸಣ್ಣಪುಟ್ಟ ವೆಬ್‌ಸೈಟು ಕಟ್ಟುತ್ತ ಕೂರುವುದು ಅವಳ ಚಟ. ಬಸ್ಸಿನಲ್ಲಿ ಯಾವ ಕಡೆಯ ಸೀಟಿಗೆ ಬಿಸಿಲು ಬೀಳುತ್ತದೆ ಎಂದು ಹೇಳುವುದೊಂದು, ಅತ್ತಿಗೆಯ ಕುಂಡಗಳಿಗೆ ನೀರು ನೆನಪಿಸುವುದೊಂದು. ಎಲ್ಲವನ್ನೂ ಸ್ನೇಹಿತರಿಗೆ ತೋರಿಸಿ ಮೆರೆದಿದ್ದಳು, ಒಂದನ್ನು ಬಿಟ್ಟು. ಅದಕ್ಕೆ "ಏನಂದ್ರಿ" ಎಂದು ಹೆಸರಿಟ್ಟಿದ್ದಳು. ಅದನ್ನು ತೆರೆದು ಫೋನನ್ನು ಮುಂದಿಟ್ಟರೆ ಎದುರಿನವರ ಮಾತು ದಪ್ಪ ಅಕ್ಷರಗಳಲ್ಲಿ ಮೂಡುತ್ತದೆ. ಹತ್ತು ಮಾತಿಗೆ ಎರಡು ತಪ್ಪು. ಅದನ್ನು ಬಲ್ಲವರು ಮನೆಯವರು ಮಾತ್ರ.

ಆ ಸಂಜೆ ಫೋನು ಅಡುಗೆಮನೆಯ ಕಟ್ಟೆಯ ಮೇಲಿತ್ತು. "ಮೊದ್ಲು ಊಟ ಮಾಡು" ಎಂದಳು ಅತ್ತಿಗೆ. "ಮೊದಲು ಓಟ ಮಾಡು" ಎಂದು ಬರೆಯಿತು ಫೋನು. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ಇವತ್ತು ಅವಳು ಎಲ್ಲವನ್ನೂ ಹೇಳಿಕೊಂಡು ಅತ್ತಳು.

"ಹೋಗಿ ಹೇಳ್ಬಿಡು" ಎಂದಳು ಅತ್ತಿಗೆ.

"ಏನಂತ ಹೇಳ್ಲಿ ಅತ್ತಿಗೆ? ನಾನು ಕಿವುಡಿ ಅಂತಾನಾ?"

ಅತ್ತಿಗೆ ಸೌಟು ಕೆಳಗಿಟ್ಟಳು. "ಹಾಗಾದ್ರೆ ಕಲ್ಲೆದೆಯವಳು ಅಂತ ಅಂದ್ಕೊಂಡ್ರೆ ಪರವಾಗಿಲ್ವಾ ನಿಂಗೆ? ತಾಯಿಗೆ ಮಾತು ಹೋಯ್ತು ಅಂದ್ರೆ ಪಾರ್ಟಿ ಕೇಳೋಳು ಅಂತ?"

ಯಾವತ್ತೂ ತಪ್ಪು ಬರೆಯುವ ಫೋನು ಈ ಮಾತನ್ನು ಮಾತ್ರ ಒಂದಕ್ಷರ ತಪ್ಪಿಲ್ಲದೆ ಬರೆದಿತ್ತು.

ಶನಿವಾರ ಕೂದಲನ್ನು ಎತ್ತಿ ಕಟ್ಟಿ, ಬಲಗಿವಿಗೆ ಮಷೀನು ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಕಿವಿಯ ಕಡೆ ನೋಡಿದಳೆಂದು ಅನ್ನಿಸಿತು. ಕೈ ತಾನಾಗಿಯೇ ಕ್ಲಿಪ್ಪಿನ ಹತ್ತಿರ ಹೋಯಿತು. ತಡೆದುಕೊಂಡಳು.

ಅವನ ಮನೆ ಎರಡನೇ ಮಹಡಿಯಲ್ಲಿ. ಬೆಲ್ ಒತ್ತಿದಾಗ ಬಾಗಿಲನ್ನು ಅರ್ಧ ತೆಗೆದು, ಹೊರಗೆ ಬಂದು, ಹಿಂದಿನಿಂದ ಎಳೆದುಕೊಂಡ. ಗಡ್ಡ ಬೆಳೆದಿತ್ತು. ನೆಲ ನೋಡುತ್ತ ಏನೋ ಹೇಳಿದ.

"ಏನಂದ್ರಿ?" ಎಂದಳು.

ಅವನು ತಲೆ ಎತ್ತಿದ.

"ಕೇಳಿಸ್ಲಿಲ್ಲ. ಈಗ ಮಾತ್ರ ಅಲ್ಲ, ಅವತ್ತೂ ಕೇಳಿಸ್ಲಿಲ್ಲ. ನಿಮ್ಮ ಮುಖದಲ್ಲಿ ನಗು ನೋಡಿ ಏನೋ ಒಂದು ಅಂದ್ಬಿಟ್ಟೆ. ನನಗೆ ಕಿವಿ ಸರಿಯಾಗಿ ಕೇಳಿಸಲ್ಲ." ಕತ್ತು ತಿರುಗಿಸಿ ಕಿವಿ ತೋರಿಸಿದಳು.

ಅವನು ಏನೂ ಹೇಳುವ ಮೊದಲೇ ಒಳಗಿನಿಂದ ಒಂದು ದನಿ ಬಂತು. "ಬಾ! ಬಾ!"

"ಯಾರೋ ಕರೀತಿದಾರೆ" ಎಂದಳು.

ಅವನ ಮುಖ ಚಿಕ್ಕದಾಯಿತು. "ಕರೀತಿಲ್ಲ. ಅಮ್ಮಂಗೆ ಉಳಿದಿರೋದು ಅದೊಂದೇ ಮಾತು. ನೀರು ಬೇಕಾದ್ರೂ ಬಾ, ಸಿಟ್ಟು ಬಂದ್ರೂ ಬಾ."

ಹೊರಗಿನ ಕೋಣೆಯಲ್ಲಿ ಕೂತರು. ಅವಳು ಫೋನನ್ನು ನಡುವೆ ಇಟ್ಟು "ಏನಂದ್ರಿ" ತೆರೆದಳು. ತನ್ನ ಮಾತು ಅಕ್ಷರವಾಗುವುದನ್ನು ನೋಡುತ್ತ ಅವನು ಮೆಲ್ಲಗೆ, ಸಿಟ್ಟಿನಲ್ಲೇ ಮಾತಾಡಿದ.

"ಆಫೀಸಲ್ಲಿ ಮೊದಲು ಹೇಳಿದ್ದೇ ನಿಮಗೆ. ಅಮ್ಮಂಗೆ ಮಾತು ಹೋಗಿದೆ, ನೀವು ಇಂಥದ್ದೆಲ್ಲ ಮಾಡ್ತೀರಲ್ಲ, ಏನಾದ್ರೂ ದಾರಿ ಇದ್ಯಾ ಅಂತ ಕೇಳ್ದೆ. ನಾನು ಕೇಳಿದ್ದು ನಿಮಗೆ ಕೇಳಿಸ್ಲಿಲ್ಲ ಅಂತ ನನಗೆ ಹೇಗೆ ಹೊಳೀಬೇಕು?"

"ನೀವು ನಗ್ತಿದ್ರಿ."

"ನಗದೆ ಇದ್ದಿದ್ರೆ ಅತ್ಬಿಡ್ತಿದ್ದೆ ಕಣ್ರೀ." ಸ್ವಲ್ಪ ತಡೆದು, "ಊರಿಗೆಲ್ಲ ನಾಚ್ಕೋಬೇಡಿ ಅಂತ ಪಾಠ ಹೇಳೋರು ನೀವು!" ಎಂದ.

ಅವಳು ತಲೆ ತಗ್ಗಿಸಿದಳು. "ಹೂಂ. ಹೇಳೋಳು ನಾನೇ."

ಅದನ್ನು ಕೇಳಿ ಅವನ ಸಿಟ್ಟು ಇಳಿದುಹೋಯಿತು. "ನಾನೇನು ಕಮ್ಮಿ ಇಲ್ಲ ಬಿಡಿ" ಎಂದ. "ಯಾರಾದ್ರೂ ಬಂದ್ರೆ ಬಾಗಿಲು ಎಳ್ಕೋತೀನಿ, ಅಮ್ಮನ ದನಿ ಹೊರಗೆ ಕೇಳಿಸ್ಬಾರ್ದು ಅಂತ. ಮೂವತ್ತು ವರ್ಷ ಕ್ಲಾಸಲ್ಲಿ ಪಾಠ ಮಾಡಿದ ದನಿ ಅದು. ಹೆತ್ತ ತಾಯಿಗೇ ನಾಚ್ಕೊಂಡೆ ನಾನು. ಈಗ ನಿಮ್ಮೆದುರಿಗೂ ಬಾಗಿಲು ಎಳ್ಕೊಂಡೆ, ನೋಡಿದ್ರಲ್ಲ?"

ಯಾರ ನಾಚಿಕೆ ದೊಡ್ಡದು ಎಂದು ತೂಗಲು ಇಬ್ಬರಿಗೂ ಮನಸ್ಸಿರಲಿಲ್ಲ. ಆಮೇಲೆ ಅವನೇ ಎದ್ದು ಒಳಗೆ ಕರೆದುಕೊಂಡು ಹೋದ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದ ತಾಯಿ ಅವಳ ಕಿವಿಯನ್ನು ನೋಡಿದರು, ಎಡಗೈಯಿಂದ ತಮ್ಮ ಬಾಯಿ ಮುಟ್ಟಿ ತೋರಿಸಿದರು, ನಕ್ಕರು. ಅವಳಿಗೂ ನಗು ಬಂತು. ಆ ಮನೆಯಲ್ಲಿ ಅವಳು ಮೊದಲು ಸ್ನೇಹ ಮಾಡಿಕೊಂಡದ್ದು ಅವರನ್ನೇ.

ಆಮೇಲಿನ ಶನಿವಾರಗಳೆಲ್ಲ ಅಲ್ಲೇ ಕಳೆದವು. ಅವಳು ತಾಯಿಗಾಗಿ ಒಂದು ಪುಟ ಕಟ್ಟಿದಳು. ಲೋಟ, ಫ್ಯಾನು, ದಿಂಬು, ಕಿಟಕಿ ಎಲ್ಲದರ ದೊಡ್ಡ ದೊಡ್ಡ ಚಿತ್ರ, ಮುಟ್ಟಿದರೆ ಫೋನೇ ಬಾಯಿಬಿಟ್ಟು ಹೇಳುತ್ತದೆ. ಕೈ ನಡುಗುವುದರಿಂದ ಚಿತ್ರಗಳ ನಡುವೆ ಬೇಕಾದಷ್ಟು ಜಾಗ ಬಿಟ್ಟಳು. ಅವನು ಟೆಸ್ಟರನ ಬುದ್ಧಿ ಬಿಡದೆ ಎಡಗೈಯಲ್ಲಿ, ಮೊಣಕೈಯಲ್ಲಿ, ಕಣ್ಣು ಮುಚ್ಚಿಕೊಂಡು ಎಲ್ಲ ಒತ್ತಿ ನೋಡಿದ. ತಾಯಿ ಮೊದಲು ಮುಟ್ಟಿದ್ದು ಫ್ಯಾನನ್ನು. "ಫ್ಯಾನ್ ಹಾಕು" ಎಂದಿತು ಫೋನು. ಅವನು ಹಾಕಿದ. ತಾಯಿ ಮತ್ತೆ ಮುಟ್ಟಿದರು. "ಫ್ಯಾನ್ ಆರಿಸು" ಎಂದಿತು. ಆರಿಸಿದ. ಮಗನನ್ನು ಹೀಗೆ ಸ್ವಿಚ್ಚಿಗೂ ಮಂಚಕ್ಕೂ ಓಡಾಡಿಸಿ ಆ ಹಳೆಯ ಟೀಚರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಫೀಸಿನಲ್ಲಿ ಮುಂದಿನ ಬಾರಿ ಹೊಸಬರು ಬಂದಾಗ ಅವಳು ಕೂದಲು ಕಟ್ಟಿಕೊಂಡೇ ನಿಂತಳು. "ನನಗೆ ಕಿವಿ ಮಂದ. ಎದುರಿಗೆ ನಿಂತು ಮಾತಾಡಿ" ಎಂದಳು. ಆ ದಿನ ಚಪ್ಪಾಳೆ ಬೀಳಲಿಲ್ಲ, ಎಲ್ಲರೂ ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತರು.

ಹೀಗೇ ಒಂದು ಮಧ್ಯಾಹ್ನ ತಾಯಿ ಒಳಗೆ ಒರಗಿದ್ದರು. ಇವರಿಬ್ಬರೂ ಹೊರಗಿನ ಕೋಣೆಯಲ್ಲಿ, ನಡುವೆ ಫೋನು. ಮೆಟ್ಟಿಲ ಕಡೆಯ ಬಾಗಿಲು ತೆರೆದೇ ಇತ್ತು, ಈಗೀಗ ಅವನು ಅದನ್ನು ಮುಚ್ಚುತ್ತಿರಲಿಲ್ಲ.

"ಒಂದು ಕೇಳ್ಲಾ? ಮೀಸೆ ಯಾಕೆ ತೆಗೆದ್ರಿ ಆಗ?" ಎಂದಳು.

ಅವನು ಕಿವಿಯವರೆಗೂ ಕೆಂಪಾದ. "ನೀವು ಯಾವಾಗ್ಲೂ ಬಾಯಿನೇ ನೋಡ್ತಿದ್ರಲ್ಲ, ಮೀಸೆ ಚೆನ್ನಾಗಿಲ್ವೇನೋ ಅಂದ್ಕೊಂಡೆ." ಇದ್ದಕ್ಕಿದ್ದಂತೆ ಏನೋ ಹೊಳೆದು ಮುಖ ಬಾಡಿತು. "ಅಂದ್ರೆ ನೀವು ನೋಡ್ತಿದ್ದಿದ್ದು ಮಾತು ತಿಳ್ಕೊಳ್ಳೋಕೆ."

"ಮಾತು ತಿಳ್ಕೊಳ್ಳೋಕೂ" ಎಂದಳು ಅವಳು.

ಆ 'ಕೂ' ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಅವನು ಅದನ್ನು ಫೋನಿನಲ್ಲಿ ಒಮ್ಮೆ, ಅವಳ ಮುಖದಲ್ಲಿ ಒಮ್ಮೆ ಓದಿದ. ತಲೆ ತಗ್ಗಿಸಿ, ಅಂಗೈಯನ್ನು ಉಜ್ಜಿಕೊಳ್ಳುತ್ತ, ತನಗೇ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದ. ತುಟಿ ಅವಳಿಗೆ ಕಾಣಲಿಲ್ಲ. ಫೋನು ಮಾತ್ರ ತನ್ನ ಕರ್ತವ್ಯ ಮಾಡಿತು.

"ನನಗೆ ನಿಮ್ಮ ಮೇಲೆ ತುಂಬಾ ದಿನದಿಂದ ಫ್ರೀ ಟೀ ಇದೆ."

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಎದೆ ಡವಗುಟ್ಟುತ್ತಿರುವಾಗಲೇ ನಗು ಉಕ್ಕಿತು. ಅವನು ಬಗ್ಗಿ ನೋಡಿ ಗಾಬರಿಯಾದ.

"ಅಯ್ಯೋ, ನಾನು ಹೇಳಿದ್ದು ಇದಲ್ಲ! ಇದು ಬಗ್!"

"ಬಗ್ ಅಂತ ಸುಮ್ನೆ ಹೇಳಿದ್ರೆ ಆಗತ್ತಾ? ಟೆಸ್ಟರ್ ಅಲ್ವಾ ನೀವು? ಇನ್ನೊಂದ್ಸಲ ಮಾಡಿ ತೋರಿಸ್ಬೇಕು. ಇಲ್ದಿದ್ರೆ ಟಿಕೆಟ್ ಕ್ಲೋಸ್."

ಅವನು ಇನ್ನೊಮ್ಮೆ ಹೇಳಿದ. ಫೋನು ಇನ್ನೊಮ್ಮೆ ಫ್ರೀ ಟೀ ಕೊಟ್ಟಿತು.

"ಸ್ವಲ್ಪ ಜೋರಾಗಿ ಹೇಳ್ರೀ" ಎಂದಳು. ಅಷ್ಟು ಹೊತ್ತಿಗೆ ಅವಳ ನಗು ನಿಂತಿತ್ತು.

ಅವನು ಫೋನನ್ನು ಮಗುಚಿ ಹಾಕಿದ. ಎದ್ದು ಅವಳ ಎದುರಿಗೆ, ತುಟಿ ಕಾಣುವ ಹಾಗೆ ನಿಂತ. ಹುಟ್ಟಿದಾರಭ್ಯ ಕೂಡಿಟ್ಟ ದನಿಯನ್ನೆಲ್ಲ ಒಂದೇ ಸಲ ಖರ್ಚು ಮಾಡುವವನಂತೆ ಕೂಗಿದ. "ನೀವಂದ್ರೆ ನನಗೆ ಪ್ರೀತಿ! ತುಂಬಾ ಪ್ರೀತಿ!"

ಮೆಟ್ಟಿಲ ಮೇಲೆ ಬಕೆಟ್ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯಾಕೆ ಹಾಗೇ ನಿಂತುಬಿಟ್ಟರು. ಅವಳ ಮುಖ ಧಗಧಗ ಉರಿಯಿತು. ಮುಚ್ಚಿಕೊಳ್ಳೋಣವೆಂದರೆ ಕೂದಲೂ ಮೇಲೆ ಕಟ್ಟಿತ್ತು. ಜೀವನವಿಡೀ ಪಟ್ಟ ನಾಚಿಕೆಯೆಲ್ಲ ಒಂದು ತೂಕ, ಈ ನಾಚಿಕೆ ಒಂದು ತೂಕ, ಇದರಿಂದ ಓಡಿಹೋಗಬೇಕು ಅನ್ನಿಸಲೇ ಇಲ್ಲ. "ನನಗೂ" ಎಂದಳು.

ಒಳಗಿನಿಂದ ಮಂಚ ಕಿರುಗುಟ್ಟಿತು. "ಬಾ! ಬಾ! ಬಾ!"

"ಅಮ್ಮಂಗೆ ಏನೋ ಬೇಕು ನೋಡಿ" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ.

ಅವನು ಕಿವಿಗೊಟ್ಟು ಕೇಳಿದ. ಆಮೇಲೆ ಅವಳ ಕೈ ಹಿಡಿದ.

"ಏನೂ ಬೇಡ. ಈ ಸಲ ನಿಜವಾಗ್ಲೂ ಕರೀತಿದಾರೆ. ನಿಮ್ಮನ್ನ."