ತೂಕದ ಕೋಣೆಯ ಹತ್ತು ನಿಮಿಷ

ಮಿಲಿಗ್ರಾಂ ಮೇಡಂ ಎದುರಿಗೇ ಅವನು ಆ ಮಾತು ಆಡಿಬಿಟ್ಟ.

ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ಆಕೆ ಸೇರಿ ಆಗಿನ್ನೂ ಒಂದು ವಾರ. ಮಾತ್ರೆಯ ತೂಕ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಡುವುದಿಲ್ಲವೆಂದು ಆಗಲೇ ಆ ಹೆಸರು ಬಿದ್ದಿತ್ತು. ಆ ದಿನ ಊಟಕ್ಕೆ ಮುಂಚೆ, "ಸರ್, ನಮಾಜಿಗೆ ಹತ್ತು ನಿಮಿಷ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಫೈಲಿನ ಕೋಣೆಗೆ ಹೋಗಿ ಬಂದಿದ್ದಳು.

"ಏನಮ್ಮಾ," ಎಂದರು ಮುಖ್ಯಸ್ಥರು, ಡಬ್ಬಿ ಬಿಚ್ಚುತ್ತಾ. "ಬೆಳಗ್ಗೆಯೆಲ್ಲ ಪುರಾವೆ ಪುರಾವೆ ಅಂತ ನಮ್ಮ ಜೀವ ತಿಂತೀಯ. ಮಧ್ಯಾಹ್ನ ಪುರಾವೆ ಇಲ್ಲದೇ ತಲೆ ಬಾಗಿಸ್ತೀಯ. ಹೇಗೆ ಹೊಂದುತ್ತೆ?"

ಅವಳು ನಕ್ಕಳು. "ಮಾತ್ರೆ ಯಾಕೆ ಕೆಲಸ ಮಾಡುತ್ತೆ ಅಂತ ಕೇಳೋದು ನನ್ನ ಕೆಲಸ ಸರ್. ಹಾಗೆ ಕೇಳೋ ಬುದ್ಧಿ ಕೊಟ್ಟವನಿಗೆ ಹತ್ತು ನಿಮಿಷ ಕೊಡ್ತೀನಿ. ಎರಡೂ ಇದೇ ತಲೇಲಿ ನಡೆಯುತ್ತೆ, ಇದುವರೆಗೂ ಜಗಳ ಆಡಿಲ್ಲ."

ಮುಖ್ಯಸ್ಥರು ಪಕ್ಕದಲ್ಲಿ ಕೂತಿದ್ದ ಅವನ ಕಡೆ ತಿರುಗಿದರು. "ನೀನೂ ಅವರ ಪೈಕೀನೇ ಅಲ್ವೇನಯ್ಯಾ?"

"ಅಯ್ಯೋ, ನಾನು ಅದನ್ನೆಲ್ಲ ಬಿಟ್ಟು ವರ್ಷಗಳಾಯ್ತು ಸರ್! ನಮ್ದೇನಿದ್ರೂ ಲಾಜಿಕ್."

ಎಲ್ಲರೂ ನಕ್ಕರು. ಅವಳು ಮಾತ್ರ ಕನ್ನಡಕದ ಮೇಲಿನಿಂದ ಅವನನ್ನು ಒಂದು ಗಳಿಗೆ ನೋಡಿ, ತನ್ನ ತಟ್ಟೆಗೆ ಮರಳಿದಳು.

ಇಪ್ಪತ್ತು ನಿಮಿಷದ ಹಿಂದಷ್ಟೇ ಈ ಮಹಾಶಯ ತೂಕದ ಕೋಣೆಯಲ್ಲಿ ಗುಟ್ಟಾಗಿ ನಮಾಜ್ ಮುಗಿಸಿ ಬಂದಿದ್ದ!

ತೂಕದ ಕೋಣೆಯ ತಕ್ಕಡಿ ಬಲು ಸೂಕ್ಷ್ಮ. ಗಾಳಿ ಆಡಿದರೂ ಅಂಕಿ ಅಲ್ಲಾಡುತ್ತದೆ. ಆದ್ದರಿಂದ ಹೊರಗಿನ ಕೆಂಪು ದೀಪ ಉರಿಯುತ್ತಿದ್ದರೆ ಯಾರೂ ಬಾಗಿಲು ತೆರೆಯುವಂತಿಲ್ಲ. ದಿನಾ ಮಧ್ಯಾಹ್ನ ಗೊತ್ತಿರುವ ತೂಕವೊಂದನ್ನು ಇಟ್ಟು ತಕ್ಕಡಿ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವುದು ಅವನ ಪಾಲಿನ ಕೆಲಸ. ಅವನು ದೀಪ ಹಾಕುತ್ತಿದ್ದ, ಬಿಳಿ ಕೋಟನ್ನೇ ನೆಲಕ್ಕೆ ಹಾಸುತ್ತಿದ್ದ. ಮೊದಮೊದಲು ತಕ್ಕಡಿಯನ್ನೂ ನೋಡುತ್ತಿದ್ದ. ಬರಬರುತ್ತಾ, ಹೊತ್ತಾದರೆ ಯಾರಾದರೂ ಅನುಮಾನಪಟ್ಟಾರೆಂಬ ಭಯಕ್ಕೆ, ಬರೀ ಸಹಿ ಹಾಕಿ ಹೊರಬೀಳತೊಡಗಿದ.

ಅವಳು ಅವನಿಗೊಂದು ಹೆಸರಿಟ್ಟಳು. "ಲಾಜಿಕ್ ಸಾಹೇಬ್ರೇ, ತಕ್ಕಡಿ ಖಾಲಿ ಇದೆಯಾ?" ಎಂದು ಹುಬ್ಬು ಹಾರಿಸಿ ಕೇಳಿದರೆ ಅವನ ಎದೆ ಹೂವಾಗುತ್ತಿತ್ತು. ಮರುಕ್ಷಣವೇ ಆ ಹೆಸರು ಚುಚ್ಚುತ್ತಿತ್ತು. ಎಷ್ಟೋ ಸಲ ನಿಜ ಹೇಳಲು ಬಾಯಿ ತೆರೆದು, ಟೀ ಆಯ್ತಾ ಎಂದು ಕೇಳಿ ಮುಚ್ಚಿಕೊಂಡಿದ್ದ. ಮನೆಯಲ್ಲಿ ಅಮ್ಮಿ, "ನಮ್ಮ ಸೈಂಟಿಸ್ಟ್ ಆಫೀಸಲ್ಲೂ ನಮಾಜ್ ಬಿಡಲ್ಲ" ಎಂದು ನೆಂಟರ ಮುಂದೆ ಕೊಚ್ಚಿಕೊಳ್ಳುವಾಗ ಅವನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದುಬಿಡುತ್ತಿದ್ದ.

ಮೂರನೆಯ ತಿಂಗಳು, ಅವಳು ಪಾಸು ಮಾಡಿದ ಮಕ್ಕಳ ಮಾತ್ರೆಗಳಲ್ಲಿ ಔಷಧ ಹೆಚ್ಚಾಗಿರುವುದು ಬೇರೊಂದು ಲ್ಯಾಬಿನಲ್ಲಿ ಗೊತ್ತಾಯಿತು. ಪುಣ್ಯಕ್ಕೆ ಸರಕು ಇನ್ನೂ ಗೋದಾಮಿನಲ್ಲೇ ಇತ್ತು. ಮುಖ್ಯಸ್ಥರು ಎಲ್ಲರನ್ನೂ ಸೇರಿಸಿದರು.

"ತಕ್ಕಡಿ ಸರಿಯಿತ್ತು, ದಿನಾ ಸಹಿ ಇದೆ. ಅಂದ್ಮೇಲೆ ನಿನ್ನ ಕೈಯೇ ತಪ್ಪಿದ್ದು ಕಣಮ್ಮಾ. ಇನ್ನು ನೀನು ಲ್ಯಾಬಲ್ಲಿರೋದು ಕಷ್ಟ."

ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಸಹಿ ಇದೆ ಅಂದ್ರೆ ತಪ್ಪು ನನ್ನದೇ ಇರ್ಬೇಕು ಸರ್," ಎಂದಳು. ಅವನ ಸಹಿಯ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು.

"ತಪ್ಪು ನಂದು ಸರ್." ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದ. "ನಾನು ತಕ್ಕಡಿ ನೋಡದೇ ಸಹಿ ಹಾಕಿದ್ದೀನಿ. ಒಂದು ತಿಂಗಳಿಂದ. ಒಳಗೆ ನಮಾಜ್ ಮಾಡ್ತಿದ್ದೆ."

"ನಮಾಜಾ? ಬಿಟ್ಟು ವರ್ಷಗಳಾಯ್ತು ಅಂದ್ಯಲ್ಲೋ?"

"ನೀವೆಲ್ಲ ನಗ್ತೀರಿ ಅಂತ ಸುಳ್ಳು ಹೇಳಿದೆ."

ಈಗ ಯಾರೂ ನಗಲಿಲ್ಲ. ಮುಖ್ಯಸ್ಥರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುವುತ್ತಾ ಕುಳಿತರು.

ತಕ್ಕಡಿ ತಪ್ಪು ತೋರಿಸುತ್ತಿದ್ದುದು ಸಂಜೆಯೊಳಗೆ ಖಾತ್ರಿಯಾಯಿತು. ಅವನಿಗೆ ಆರು ತಿಂಗಳು ಗಾಜಿನ ಪಾತ್ರೆ ತೊಳೆಯುವ ಕೆಲಸ. ಮರುದಿನ ಮೊಣಕೈವರೆಗೆ ನೊರೆ ಮಾಡಿಕೊಂಡು ನಿಂತಿದ್ದಾಗ ಅವಳು ಬಂದಳು.

"ಮಕ್ಕಳ ಔಷಧ ಅದು," ಎಂದಳು. "ನೀವು ವಿಜ್ಞಾನಕ್ಕೂ ಮೋಸ ಮಾಡಿದ್ರಿ, ನಮಾಜಿಗೂ ಮೋಸ ಮಾಡಿದ್ರಿ. ಎರಡೂ ಕೇಳೋದು ಒಂದನ್ನೇ ಅಲ್ವಾ, ನಿಜ ಹೇಳು ಅಂತ?"

"ಹೂಂ."

"ನಾನು ಹತ್ತು ನಿಮಿಷ ಕೇಳಿದೆ, ಸರ್ ಕೊಟ್ರು. ನೀವೂ ಕೇಳಬಹುದಿತ್ತು."

ಅಷ್ಟೇ ಇತ್ತು ನೋಡಿ ವಿಷಯ. ಅವನ ಕಿವಿ ಸುಟ್ಟುಹೋಯಿತು. ಅವಳು ಹೊರಟಳು. ಈಗಲೂ ಬಾಯಿ ಬಿಡದಿದ್ದರೆ ತನ್ನಂಥ ಹೇಡಿ ಇಲ್ಲವೆಂದು ಅವನಿಗನಿಸಿತು.

"ಇನ್ನೊಂದು ಮುಚ್ಚಿಟ್ಟಿದ್ದೀನಿ," ಎಂದ. "ನೀವಂದ್ರೆ ನಂಗಿಷ್ಟ. ಕೇಳೋ ಯೋಗ್ಯತೆ ಇಲ್ಲ ಅಂತಾನೂ ಗೊತ್ತು."

ಅವಳು ಬಾಗಿಲ ಹತ್ತಿರ ನಿಂತಳು. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದಳು, ಕಣ್ಣನ್ನೂ ಒರೆಸಿದಳು. ಸಿಟ್ಟೋ ಅಳುವೋ ಅವನಿಗೆ ತಿಳಿಯಲಿಲ್ಲ.

"ಭಾನುವಾರ ನಮ್ಮನೆಗೆ ಬನ್ನಿ. ನಮ್ಮ ಅಬ್ಬಾನ ಮುಂದೆ ಮೊದಲು ನಿನ್ನೆಯ ವಿಷಯ ಪೂರ್ತಿ ಹೇಳಿ. ಒಂದಕ್ಷರ ಬಿಡದೇ."

"ಹೇಳಿದ್ಮೇಲೆ ಅವರು ಹೊರಗೆ ಹಾಕಿದ್ರೆ?"

"ಹಾಕಬಹುದು," ಎಂದಳು. "ಗೇಟಿನ ತನಕ ನಾನು ಬರ್ತೀನಿ."